ನಾಲ್ಕನೆಯ ಆ್ಯ

ತಾರ್ತು ಊರಿನ ಹಿಂಬೀದಿಯ ನೆಲಮಾಳಿಗೆಯಲ್ಲಿ
ವಿರ್ವೆ ಮರದ ಮೊಳೆ ಜೋಡಿಸುತ್ತಾಳೆ.
ಸೀಮೆಎಣ್ಣೆ ವಾಸನೆ. ಕಿಟಕಿಯಾಚೆ ನಡೆವವರ ಬೂಟು ಮಾತ್ರ.
ಗೋಡೆಗೊರಗಿದ ಖಾನೆಗಳಲ್ಲಿ ಮುಷ್ಟಿಗಾತ್ರದ ಅಕ್ಷರಗಳು,
ಕನ್ನಡಿಯೊಳಗೆ ಹುಟ್ಟಿ ಅಲ್ಲೇ ಬೆಳೆದ ಹಾಗೆ.

ಈ ಸಲದ ಕೆಲಸ ಪುರಸಭೆಯದು.
ಪೈಪ್ಸಿ ಸರೋವರದ ದಂಡೆಯ ಹಳ್ಳಿಗಳಿಗೆ ಐವತ್ತು ಭಿತ್ತಿಪತ್ರ:
ಮಾರ್ಚ್ ಬಂತು, ಮಂಜುಗಡ್ಡೆಯ ಅಂಚು ನಂಬಬೇಡಿ.
ಮಂಜುಗಡ್ಡೆಯ ಅಂಚು, ಅವರಿಗೆ ಅದು ಒಂದೇ ಪದ,
ಬಾಯಿ ಬಿಟ್ಟೇ ಹೇಳಬೇಕಾದ ಪದ:
ಮೊದಲಿಗೆ ಯ್, ಕೊನೆಗೆ ರ್,
ನಡುವೆ ಆ್ಯ ಆ್ಯ ಆ್ಯ ಆ್ಯ,
ಒಂದೊಂದರ ನೆತ್ತಿಯ ಮೇಲೂ ಎರಡೆರಡು ಚುಕ್ಕೆ.
ಹ್ರಸ್ವ, ದೀರ್ಘ, ಪ್ಲುತ,
ಮೂರು ಮಾತ್ರೆಗೇ ನಮ್ಮ ವ್ಯಾಕರಣ ಏದುಸಿರು ಬಿಡುತ್ತದೆ.
ನಾಲ್ಕನೆಯದಕ್ಕೆ ನಾವು ಹೆಸರೇ ಇಟ್ಟಿಲ್ಲ.

ಖಾನೆಯಲ್ಲಿ ಇರುವುದು ಮೂರೇ.
ನಾಲ್ಕನೆಯದನ್ನು ತಮ್ಮ ಇಲ್ಮಾರ್ ಒಯ್ದಿದ್ದ,
ಒಂಬತ್ತು ವರ್ಷದವನಿದ್ದಾಗ, ಗಾಳದ ದಾರಕ್ಕೆ ಬೆಂಡು ಮಾಡಲು.
ಪೇರು ಮರ, ಚೆನ್ನಾಗಿ ತೇಲುತ್ತೆ, ಎಂದಿದ್ದನಂತೆ.
ಅಪ್ಪ ಕಪಾಳಕ್ಕೆ ಬಿಗಿದು, ಆಮೇಲೆ
ತಾನೂ ಹೋಗಿ ಸಂಜೆತನಕ ನೋಡುತ್ತ ಕೂತಿದ್ದನಂತೆ:
ಕನ್ನಡಿಯಲ್ಲೂ ಮುಖ ಬದಲಿಸದ ಆ ಅಕ್ಷರ
ನೀರ ಮೇಲೆ
ಮುಳುಗುವುದು, ಏಳುವುದು.
ಅದರಾಚೆಗಿನ ಇಲ್ಮಾರನ ಬಗ್ಗೆ ಕೇಳಿದರೆ
ವಿರ್ವೆ ರೋಲರ್ ಒರೆಸುತ್ತಾಳೆ.
ಒರೆಸಿದ್ದನ್ನೇ ಒರೆಸುತ್ತಾಳೆ.

ಕೆಲಸ ಕಲಿಯಲು ಬಂದ ಹುಡುಗ ತಾವೆತ್ ಹೇಳಿದ:
"ಚುಕ್ಕೆಯಿಲ್ಲದ ಬರಿಯ ಅ ಹಾಕೋಣ.
ತಲೆಯ ಮೇಲೆ ಎರಡು ಪೂರ್ಣವಿರಾಮ ಕೂರಿಸಿದರಾಯ್ತು.
ಯಾರಿಗೆ ಗೊತ್ತಾಗುತ್ತೆ?"
ಹಾಗೇ ಮಾಡಿದಳು. ಚೌಕಟ್ಟು ಬಿಗಿದು, ಕಪ್ಪು ಸವರಿ,
ಒಂದು ಪ್ರತಿ ಎತ್ತಿ ಬೆಳಕಿಗೆ ಹಿಡಿದಳು.
ಯಾರಿಗೂ ಗೊತ್ತಾಗುವಂತಿರಲಿಲ್ಲ.
ಅದೇ ಅವಳಿಗೆ ಸರಿಬರಲಿಲ್ಲವೋ ಏನೋ,
ಕೀಲಿ ಸಡಿಲಿಸಿ ಆ ಅಕ್ಷರವನ್ನು ಕಿತ್ತಳು,
ಹಾಲುಹಲ್ಲು ಕೀಳುವ ಹಾಗೆ, ಅತ್ತಿತ್ತ ಅಲ್ಲಾಡಿಸಿ.
ಅಷ್ಟೇ ಅಗಲದ ಬೋಳು ಮರ ತುರುಕಿದಳು,
ಶಾಯಿ ಮುಟ್ಟದಷ್ಟು ತಗ್ಗು.
ಮೇಲಿನ ಎರಡು ಪೂರ್ಣವಿರಾಮ ಹಾಗೇ ಉಳಿದವು.

ಆಮೇಲೆ ಕೈ ತಾನೇ ನಡೆಯಿತು.
ಮೊದಲ ಆ್ಯಕ್ಕೆ ದಟ್ಟ ಶಾಯಿ, ದಡದ ಮಣ್ಣಿನಂತೆ.
ಎರಡನೆಯದಕ್ಕೆ ರೋಲರ್ ಒಮ್ಮೆ ಮಾತ್ರ,
ಮರದ ನರನರವೂ ಎದ್ದು ಕಾಣುವಂತೆ.
ಮೂರನೆಯದಕ್ಕೆ ಶಾಯಿಯೇ ಇಲ್ಲ, ಬರೀ ಒತ್ತು;
ಬೆರಳಿಗೆ ಸಿಗುತ್ತದೆ, ಕಣ್ಣಿಗೆ ಸಿಗುವುದಿಲ್ಲ.
ನಾಲ್ಕನೆಯ ಜಾಗ ಬಿಳಿ.
ಬಿಳಿಯ ಮೇಲೆ ಎರಡು ಕಪ್ಪು ತೂತು,
ಮೀನಿಗೆಂದು ಕೊರೆದು ಕೊರೆದವನು ಎದ್ದುಹೋದ ಹಾಗೆ.
ಬಲು ದೂರ ಬಿಟ್ಟು, ಬಲತುದಿಗೆ, ರ್,
ಅರ್ಧ ಹಾಳೆಯ ಹೊರಗೆ.

ಪುರಸಭೆಯ ಗುಮಾಸ್ತ ಹೆಲ್ದೂರ್ ಕನ್ನಡಕ ಏರಿಸಿ ಎಣಿಸಿದ.
"ಕಾಗುಣಿತ ತಪ್ಪು," ಎಂದ.
"ಒಂದಕ್ಷರ ಕಮ್ಮಿ. ದುಡ್ಡೂ ಒಂದಕ್ಷರ ಕಮ್ಮಿ."
ನಿಜಕ್ಕೂ ಆರರಲ್ಲೊಂದು ಪಾಲು ಮುರಿದುಕೊಂಡ, ರಸೀದಿ ಬರೆದ.
ಆದರೆ ಓದುವಾಗ ಅವನ ಬಾಯಿ
ಬಿಳಿ ಜಾಗ ಮುಗಿಯುವವರೆಗೂ ತೆರೆದೇ ಇತ್ತು.
ತಾವೆತ್ ನೋಡಿದ.

ಮುಸ್ತ್ವೆಯ ಬಂದರಿನಲ್ಲಿ, ಹೊಗೆಮೀನಿನ ಅಂಗಡಿಯ ಬಾಗಿಲಿಗೆ,
ಬಸ್ ನಿಲ್ದಾಣದ ತಗಡಿಗೆ ಅಂಟಿಸಿದರು.
ಗಾಳಿ ಒಂದೆರಡನ್ನು ಸರೋವರದ ಕಡೆಗೇ ಒಯ್ದಿತು.
ಮಕ್ಕಳು ಮೂರನೆಯದನ್ನು ಸವರಿ ಸವರಿ ಕೊಳೆ ಮಾಡಿದರು;
ಕೊಳೆಯಲ್ಲಿ ಅದು ಈಗೀಗ ಕಾಣತೊಡಗಿದೆ.

ತಿಂಗಳ ಕೊನೆಗೆ ಒಂದು ಮಧ್ಯಾಹ್ನ
ನೆಲಮಾಳಿಗೆಯ ಕಿಟಕಿಯೆದುರು ಒದ್ದೆ ಬೂಟುಗಳು ನಿಂತವು.
ಹೆಸರು ಹೇಳದ ಮುದುಕ, ಕಾಗದದಲ್ಲಿ ಸುತ್ತಿದ ಮೀನು.
ಮೊಳೆ, ಯಂತ್ರ, ಖಾನೆ ಎಲ್ಲ ಒಂದು ಸುತ್ತು ನೋಡಿದ.
"ನಿನ್ನೆ ಎರಡನೇ ಆ್ಯ ತನಕ ಹೋಗಿದ್ದೆ," ಎಂದ.
"ಅಲ್ಲಿಂದ ವಾಪಸ್ ಬಂದೆ."
ವಿರ್ವೆ ರೋಲರ್ ಕೆಳಗಿಟ್ಟಳು.
ಕೈ ಒರೆಸಿಕೊಳ್ಳದೆಯೇ ಇಸಿದುಕೊಂಡಳು;
ಮೀನಿನ ಕಾಗದದ ಮೇಲೆ
ಅವಳ ಹೆಬ್ಬೆರಳು ಕಪ್ಪಗೆ ಬಿತ್ತು.